ಕಾಲರಾದಂಥ ಕಾಯಿಲೆಗೆ ಬರೀ ಉಪ್ಪು-ಸಕ್ಕರೆ ನೀರು ಸಾಕೆ?

ಕರುಳಿಗೆ ರೋಗ ತರುವ ಬ್ಯಾಕ್ಟೀರಿಯಾಗಳ ಬಗ್ಗೆ ಪಾಠ ಮಾಡುವ ನನಗೆ ತರಗತಿಯಲ್ಲಿಯೂ ಮದುವೆಮನೆಯ ಊಟದ ಪಂಕ್ತಿಯಲ್ಲಿಯೂ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ. ಬೆಳಿಗ್ಗೆ ಗಟ್ಟಿಮುಟ್ಟಾಗಿ ಗದ್ದೆಗೆ ಹೋದವನನ್ನು ರಾತ್ರಿಯೊಳಗೆ ಮುಗಿಸಿಬಿಡುತ್ತಿದ್ದ, ಊರಿಗೆ ಊರನ್ನೇ ಖಾಲಿ ಮಾಡಿಸುತ್ತಿದ್ದ ಕಾಲರಾಕ್ಕೆ ಉಪ್ಪು, ಸಕ್ಕರೆ, ನೀರು ಬೆರೆಸಿದ ಪಾನಕವೇ ಔಷಧ ಎನ್ನುತ್ತೀರಲ್ಲ, ಅದು ಹೇಗೆ ಸಾಧ್ಯ? ಕೇಳುವವರ ಮನಸ್ಸಿನಲ್ಲಿ ರೋಗಾಣು ಕರುಳನ್ನು ಕೊರೆದು ಹಾಳು ಮಾಡುವ ಚಿತ್ರವಿರುತ್ತದೆ. ಹಾಳಾದ ಕರುಳಿಗೆ ಪಾನಕ ಕುಡಿಸಿ ಏನು ಪ್ರಯೋಜನ ಎಂಬುದು ನ್ಯಾಯವಾದ ಸಂದೇಹವೇ.

ನನ್ನ ಉತ್ತರ ಇಷ್ಟು: ಬಹುಪಾಲು ರೋಗಿಗಳಿಗೆ ಅದು ಸಾಕು, ಏಕೆಂದರೆ ಕಾಲರಾದ ರೋಗಾಣು ಕರುಳನ್ನು ಹಾಳು ಮಾಡುವುದೇ ಇಲ್ಲ. ವಿಬ್ರಿಯೊ ಕಾಲರೇ ಎಂಬ ಈ ಬ್ಯಾಕ್ಟೀರಿಯಾ ಕರುಳಿನ ಗೋಡೆಯೊಳಗೆ ನುಗ್ಗುವುದಿಲ್ಲ, ರಕ್ತಕ್ಕೆ ಇಳಿಯುವುದಿಲ್ಲ. ಸಣ್ಣ ಕರುಳಿನ ಒಳಮೈಗೆ ಅಂಟಿಕೊಂಡು ಕುಳಿತು ಒಂದು ಜೀವವಿಷವನ್ನು ಸ್ರವಿಸುತ್ತದೆ, ಅಷ್ಟೆ. ಆ ವಿಷದ ಪ್ರಭಾವಕ್ಕೆ ಸಿಕ್ಕಿದ ಕರುಳು ತಾನು ದಿನವೂ ಮಾಡುವ ಕೆಲಸವನ್ನೇ, ಅಂದರೆ ನೀರು ಮತ್ತು ಲವಣ ಒಸರುವ ಕೆಲಸವನ್ನೇ, ಮಿತಿಯಿಲ್ಲದೆ ಮಾಡತೊಡಗುತ್ತದೆ. ತೀವ್ರವಾಗಿ ಬಾಧಿತನಾದ ವಯಸ್ಕನಿಂದ ಗಂಟೆಗೆ ಒಂದು ಲೀಟರ್‌ವರೆಗೂ ದ್ರವ ಹೊರಹೋಗಬಹುದು. ಅದರಲ್ಲಿ ರಕ್ತವಿಲ್ಲ, ಕೀವಿಲ್ಲ, ಅದು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿರುತ್ತದೆ. ರೋಗಿ ಸಾಯುವುದು ನೀರು ಮತ್ತು ಲವಣಗಳ ನಷ್ಟದಿಂದ.

ಇದನ್ನು ಇಂದು ನಾಲ್ಕು ವಾಕ್ಯಗಳಲ್ಲಿ ಹೇಳಿಬಿಡಬಹುದು. ಆದರೆ ರೋಗಾಣುವನ್ನು ಗುರುತಿಸಿದ ಮೇಲೂ ಇದು ತಿಳಿಯಲು ಮುಕ್ಕಾಲು ಶತಮಾನ ಹಿಡಿಯಿತು. 1854ರಲ್ಲಿಯೇ ಇಟಲಿಯ ಫಿಲಿಪ್ಪೊ ಪಾಚಿನಿ ಈ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಜರ್ಮನಿಯ ರಾಬರ್ಟ್ ಕಾಖ್ 1883ರಲ್ಲಿ ಮೊದಲು ಈಜಿಪ್ಟಿಗೆ, ಬಳಿಕ ಕಲ್ಕತ್ತೆಗೆ ಬಂದು ಅದನ್ನು ಬೇರ್ಪಡಿಸಿ ಬೆಳೆಸಿದರು, ಅದು ಯಾವುದೋ ವಿಷವನ್ನು ಉಂಟುಮಾಡುತ್ತಿರಬೇಕು ಎಂದೂ ಊಹಿಸಿದರು. ಊಹೆ ಸರಿಯಾಗಿತ್ತು, ಹುಡುಕಾಟವೇ ದಾರಿ ತಪ್ಪಿತು. ಕಾಖ್ ಅವರ ಶಿಷ್ಯ ರಿಚರ್ಡ್ ಫೈಫರ್ 1892ರಲ್ಲಿ, ವಿಷವು ಬ್ಯಾಕ್ಟೀರಿಯಾದ ಮೈಯಲ್ಲಿಯೇ ಸೇರಿಕೊಂಡಿದ್ದು ಅದು ಸತ್ತು ಒಡೆದಾಗ ಮಾತ್ರ ಹೊರಬರುತ್ತದೆ ಎಂಬ ವಾದವನ್ನು ಮುಂದಿಟ್ಟರು. ಆಮೇಲೆ ಬಂದವರೆಲ್ಲ ಆ ವಾದವನ್ನು ಹಿಡಿದು ಪ್ರಾಣಿಗಳ ರಕ್ತಕ್ಕೂ ಹೊಟ್ಟೆಯ ಪೊರೆಗೂ ಸತ್ತ ರೋಗಾಣುಗಳನ್ನು ಚುಚ್ಚುತ್ತ ಹೋದರು. ಪ್ರಾಣಿಗಳು ಸತ್ತವು, ಆದರೆ ಯಾವುದಕ್ಕೂ ಕಾಲರಾ ಬರಲಿಲ್ಲ. ಬೆಳೆದ ಮೊಲಕ್ಕೆ ಬಾಯಿಯ ಮೂಲಕ ಜೀವಂತ ರೋಗಾಣು ಕುಡಿಸಿದರೂ ಭೇದಿಯಾಗಲಿಲ್ಲ.

ಇದರ ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಬೇರೂರಿತ್ತು. ಕಾಲರಾದಿಂದ ಸತ್ತವರ ಶವಪರೀಕ್ಷೆಯಲ್ಲಿ ಕರುಳಿನ ಒಳಪೊರೆ ಸುಲಿದುಹೋದಂತೆ ಕಾಣುತ್ತಿತ್ತು. ಸತ್ತ ಕೆಲವೇ ಗಂಟೆಗಳಲ್ಲಿ ಯಾವ ಮನುಷ್ಯನ ಕರುಳಿನ ಪೊರೆಯಾದರೂ ಹಾಗೆ ಕಳಚುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಅದೇ ರೋಗದ ಕಾರಣವೆಂದು ಪಠ್ಯಪುಸ್ತಕಗಳು ಬರೆದವು. ಬ್ಯಾಂಕಾಕ್‌ನಲ್ಲಿ ಕಾಲರಾ ಹಬ್ಬಿದಾಗ ಯುಜೀನ್ ಗಂಗರೋಸಾ ಮತ್ತು ಸಂಗಡಿಗರು ಜೀವಂತ ರೋಗಿಗಳ ಕರುಳಿನಿಂದ ಚಿಕ್ಕ ಚೂರುಗಳನ್ನು ತೆಗೆದು ಪರೀಕ್ಷಿಸಿ, ಪೊರೆ ಅಖಂಡವಾಗಿಯೇ ಇದೆ ಎಂದು 1960ರಲ್ಲಿ ತೋರಿಸಿದ ಮೇಲೆಯೇ ಆ ನಂಬಿಕೆ ಸಡಿಲಾಯಿತು.

ಅಷ್ಟರಲ್ಲಿ ಕಲ್ಕತ್ತೆಯಲ್ಲಿ ಒಬ್ಬರು ಸರಿಯಾದ ಜಾಗದಲ್ಲಿ ಹುಡುಕಿದ್ದರು. ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ 1915ರಲ್ಲಿ ಹುಟ್ಟಿದ ಶಂಭುನಾಥ ಡೇ ರೋಗಶಾಸ್ತ್ರದ ವೈದ್ಯರು, ಲಂಡನ್ನಿನಲ್ಲಿ ಪಿಎಚ್.ಡಿ. ಮುಗಿಸಿ ಊರಿಗೆ ಮರಳಿ ಮೆಡಿಕಲ್ ಕಾಲೇಜುಗಳಲ್ಲಿ ಪಾಠ ಮಾಡುತ್ತಲೇ ಸಂಶೋಧನೆ ನಡೆಸಿದರು. ರೋಗ ಇರುವುದು ಕರುಳಿನಲ್ಲಾದರೆ ರೋಗಾಣುವನ್ನು ರಕ್ತಕ್ಕೆ ಚುಚ್ಚುವುದೇಕೆ ಎಂಬ ಸರಳ ಪ್ರಶ್ನೆಯಿಂದ ಅವರ ಪ್ರಯೋಗ ಹುಟ್ಟಿತು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಉಪವಾಸವಿಟ್ಟ ಮೊಲಕ್ಕೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಸಣ್ಣ ಕರುಳಿನ ಅರ್ಧ ಗೇಣಿನಷ್ಟು ಭಾಗವನ್ನು ಎರಡೂ ತುದಿಯಲ್ಲಿ ದಾರದಿಂದ ಕಟ್ಟಿ, ಹಾಗೆ ಕಟ್ಟಿದ ತುಂಡಿನೊಳಗೆ ರೋಗಾಣುವಿರುವ ದ್ರವವನ್ನು ಚುಚ್ಚಿ, ಹೊಟ್ಟೆಯನ್ನು ಹೊಲಿದುಬಿಡುವುದು. ಹೋಲಿಕೆಗಾಗಿ ಮತ್ತೊಂದು ತುಂಡನ್ನು ಅದೇ ರೀತಿ ಕಟ್ಟಿ ಅದರೊಳಗೆ ರೋಗಾಣುವಿಲ್ಲದ ದ್ರವವನ್ನು ಬಿಡುವುದು. ಮರುದಿನ ನೋಡಿದರೆ ಹೋಲಿಕೆಯ ತುಂಡು ಚಪ್ಪಟೆಯಾಗಿ ಕುಸಿದಿರುತ್ತಿತ್ತು. ರೋಗಾಣು ಬಿಟ್ಟ ತುಂಡು ಬಿಗಿದು ಉಬ್ಬಿ, ಒಳಗೆ ಕಾಲರಾ ರೋಗಿಯ ಭೇದಿಯನ್ನೇ ಹೋಲುವ ದ್ರವ ತುಂಬಿಕೊಂಡಿರುತ್ತಿತ್ತು. ಈ ವಿಧಾನವನ್ನು ಅವರು 1953ರಲ್ಲಿ ಪ್ರಕಟಿಸಿದರು. ಮುಂದೆ ಬ್ಯಾಕ್ಟೀರಿಯಾವನ್ನೆಲ್ಲ ಸೋಸಿ ತೆಗೆದು, ಅದು ಬೆಳೆದಿದ್ದ ದ್ರವವನ್ನಷ್ಟೇ ಕರುಳಿಗೆ ಬಿಟ್ಟಾಗಲೂ ತುಂಡು ಉಬ್ಬಿತು. ವಿಷ ಬ್ಯಾಕ್ಟೀರಿಯಾದ ಮೈಯೊಳಗೆ ಅಡಗಿಲ್ಲ, ಅದನ್ನು ಬ್ಯಾಕ್ಟೀರಿಯಾ ಹೊರಕ್ಕೆ ಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿರಲಿಲ್ಲ. ಆ ಚಿಕ್ಕ ಪ್ರಬಂಧ 1959ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು.

ದೊಡ್ಡ ಸಲಕರಣೆಗಳಿಲ್ಲದೆ, ದಾರ, ಸಿರಿಂಜು ಮತ್ತು ಸೋಸುಕದ ಬಲದಿಂದ ನಡೆದ ಈ ಕೆಲಸಕ್ಕೆ ನಮ್ಮ ದೇಶ ಕೊಟ್ಟ ಬೆಲೆಯ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು; 1978ರಲ್ಲಿ ಸ್ಟಾಕ್‌ಹೋಮ್‌ನ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಆಹ್ವಾನವೂ ಬಂದಿತ್ತು. ಭಾರತದ ವಿಜ್ಞಾನ ಅಕಾಡೆಮಿಗಳು ಮಾತ್ರ ಅವರನ್ನು ತಮ್ಮವರೆಂದು ಆರಿಸಿಕೊಳ್ಳಲಿಲ್ಲ. ಅವರು 1985ರಲ್ಲಿ ತೀರಿಕೊಂಡ ಐದು ವರ್ಷಗಳ ಮೇಲೆ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆ ಅವರ ಕೆಲಸಕ್ಕಾಗಿಯೇ ವಿಶೇಷ ಸಂಚಿಕೆಯನ್ನು ತಂದಿತು.

ಆ ವಿಷ ಕೆಲಸ ಮಾಡುವ ಬಗೆ ಮುಂದಿನ ದಶಕಗಳಲ್ಲಿ ಬಿಡಿಬಿಡಿಯಾಗಿ ತಿಳಿಯಿತು. 1969ರಲ್ಲಿ ಅಮೆರಿಕದ ರಿಚರ್ಡ್ ಫಿಂಕೆಲ್‌ಸ್ಟೈನ್ ಮತ್ತು ಸಹೋದ್ಯೋಗಿ ಅದನ್ನು ಶುದ್ಧರೂಪದಲ್ಲಿ ಪಡೆದರು. ಅದೊಂದು ಪ್ರೋಟೀನು. ಅದರ ಐದು ಘಟಕಗಳು ಕರುಳಿನ ಜೀವಕೋಶದ ಹೊರಮೈಗೆ ಅಂಟಿಕೊಳ್ಳುತ್ತವೆ, ಉಳಿದ ಒಂದರ ಭಾಗ ಒಳಗೆ ಹೋಗುತ್ತದೆ. ಒಳಹೊಕ್ಕ ಭಾಗವು ಜೀವಕೋಶದ ಸಂಕೇತ ವ್ಯವಸ್ಥೆಯ ಒಂದು ಪ್ರೋಟೀನನ್ನು ಚಾಲೂ ಸ್ಥಿತಿಯಲ್ಲಿಯೇ ನಿಲ್ಲಿಸಿಬಿಡುವುದರಿಂದ ಸೈಕ್ಲಿಕ್ ಎಎಂಪಿ ಎಂಬ ವಸ್ತು ವಿಪರೀತ ಏರುತ್ತದೆ. ಅದು ಏರಿದಂತೆ ಕ್ಲೋರೈಡ್ ಕರುಳಿನೊಳಕ್ಕೆ ಹರಿಯುತ್ತದೆ, ಅದರ ಹಿಂದೆ ಸೋಡಿಯಂ, ಅವೆರಡರ ಹಿಂದೆ ನೀರು. ಒಮ್ಮೆ ಕೆಟ್ಟ ಜೀವಕೋಶ ಸರಿಹೋಗುವುದಿಲ್ಲ ನಿಜ. ಆದರೆ ಕರುಳಿನ ಒಳಪೊರೆಯ ಜೀವಕೋಶಗಳು ಹೇಗೂ ಕೆಲವೇ ದಿನಗಳಲ್ಲಿ ಉದುರಿ ಹೊಸವು ಹುಟ್ಟುತ್ತವೆ. ಅಲ್ಲಿಯವರೆಗೆ ರೋಗಿಯ ಮೈಯಲ್ಲಿ ನೀರು ಉಳಿದರೆ ಅವನು ಬದುಕುತ್ತಾನೆ.

ಸಕ್ಕರೆಯ ಪಾತ್ರ ಇರುವುದು ಇಲ್ಲಿ. ಬರೀ ನೀರು ಕುಡಿಸಿದರೂ ಉಪ್ಪುನೀರು ಕುಡಿಸಿದರೂ ಕಾಲರಾದಲ್ಲಿ ಅದು ಭೇದಿಯಾಗಿ ಹೊರಬೀಳುತ್ತದೆ. ಆದರೆ ಕರುಳಿಗೆ ಸೋಡಿಯಂ ಅನ್ನು ಹೀರಿಕೊಳ್ಳಲು ಇನ್ನೊಂದು ದಾರಿಯೂ ಇದೆ: ಗ್ಲೂಕೋಸ್ ಜೊತೆಗಿದ್ದರೆ ಎರಡನ್ನೂ ಒಟ್ಟಿಗೆ ಒಳಗೆ ಸಾಗಿಸುವ ವಾಹಕವೊಂದು ಅಲ್ಲಿರುತ್ತದೆ. ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ವಿವರಿಸಿದ ಈ ವಾಹಕವನ್ನು ಕಾಲರಾ ವಿಷ ಮುಟ್ಟುವುದಿಲ್ಲ. ಪೊರೆ ಅಖಂಡವಾಗಿರುವುದರಿಂದ ವಾಹಕವೂ ತನ್ನ ಜಾಗದಲ್ಲಿಯೇ ಇರುತ್ತದೆ. ಉಪ್ಪು ಮತ್ತು ಸಕ್ಕರೆ ಒಳಹೋದಂತೆ ನೀರೂ ಹಿಂಬಾಲಿಸುತ್ತದೆ. ಓಆರ್‌ಎಸ್, ಅಂದರೆ ಉಪ್ಪು-ಸಕ್ಕರೆಯ ಈ ಪಾನಕ, ಭೇದಿಯನ್ನು ನಿಲ್ಲಿಸುವುದಿಲ್ಲ. ಹೋದದ್ದನ್ನು ತುಂಬಿಕೊಡುತ್ತದೆ.

ಇದು ಜನರ ನಡುವೆ ಪರೀಕ್ಷೆಗೆ ಒಳಗಾದದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಗಡಿ ಊರು ಬಂಗಾಂವ್‌ನಲ್ಲಿ. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ ಅಲ್ಲಿದ್ದ ವೈದ್ಯ ದಿಲೀಪ್ ಮಹಲನಬೀಸ್ ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ಪುಡಿ ಬೆರೆಸಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಬಿಸಿ ಇಸ್ತ್ರಿಯಿಂದ ಅಂಟಿಸಿ ಶಿಬಿರಕ್ಕೆ ಕಳಿಸಿದರು. ನೀರಿನಲ್ಲಿ ಕದಡಿ ಕುಡಿಸಿದವರು ರೋಗಿಗಳ ಮನೆಯವರೇ. ಸುಮಾರು ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ 3.6ಕ್ಕೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ, ಮರಣೋತ್ತರವಾಗಿ. ಈ ವಿಷಯದಲ್ಲಿ ನಾವು ಒಂದು ಸಂಪ್ರದಾಯವನ್ನೇ ಪಾಲಿಸಿಕೊಂಡು ಬಂದಿದ್ದೇವೆ ಎನಿಸುತ್ತದೆ.

ಆದರೆ ಈ ಉತ್ತರವನ್ನು ಎಲ್ಲ ಬಗೆಯ ಭೇದಿಗೂ ಎಳೆದು ಹಾಕಬಾರದು. ಪ್ರಜ್ಞೆ ತಪ್ಪುತ್ತಿರುವ, ನಾಡಿ ಸಿಗದ, ಕುಡಿಯಲಾಗದ ಕಾಲರಾ ರೋಗಿಗೆ ತಕ್ಷಣ ಡ್ರಿಪ್ ಹಾಕಲೇಬೇಕು, ಬಾಯಿಯ ಮೂಲಕ ಕೊಡುವುದು ಆಮೇಲೆ. ತೀವ್ರವಾದ ಕಾಲರಾದಲ್ಲಿ ಸರಿಯಾದ ಆಂಟಿಬಯೋಟಿಕ್ ಭೇದಿಯ ಅವಧಿಯನ್ನು ತಗ್ಗಿಸುತ್ತದೆ. ರಕ್ತಭೇದಿ ತರುವ ಶಿಗೆಲ್ಲಾ ನಿಜವಾಗಿಯೂ ಕರುಳಿನ ಪೊರೆಯೊಳಗೆ ನುಗ್ಗಿ ಹುಣ್ಣು ಮಾಡುತ್ತದೆ; ಟೈಫಾಯಿಡ್‌ನ ಸಾಲ್ಮೊನೆಲ್ಲಾ ಕರುಳನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಇವುಗಳಲ್ಲಿ ಓಆರ್‌ಎಸ್ ನೀರಿನ ನಷ್ಟವನ್ನಷ್ಟೇ ತುಂಬೀತು, ರೋಗಕ್ಕೆ ಬೇರೆ ಚಿಕಿತ್ಸೆಯೇ ಬೇಕು. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಿಡದಿದ್ದರೆ ಮನೆಯಲ್ಲಿ ಕುಳಿತು ಪಾನಕ ಕುಡಿಯುತ್ತ ಕಾಯುವುದು ಸಲ್ಲದು.

ಅಳತೆಯ ಮಾತನ್ನೂ ಹೇಳಬೇಕು, ಏಕೆಂದರೆ ಮರುಪ್ರಶ್ನೆ ಅದೇ ಆಗಿರುತ್ತದೆ: ಸಕ್ಕರೆ ಒಳ್ಳೆಯದಾದರೆ ಇನ್ನಷ್ಟು ಹಾಕಬಹುದಲ್ಲವೇ? ಹಾಕಬಾರದು. ಸಕ್ಕರೆ ಮಿತಿ ಮೀರಿದರೆ ಅದು ಕರುಳಿನಲ್ಲಿಯೇ ಉಳಿದು ಮೈಯ ನೀರನ್ನು ಅತ್ತ ಸೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತವೆ. ಪ್ಯಾಕೆಟ್ ಸಿಗದ ಕಡೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿನ ಮಟ್ಟಕ್ಕೆ ಸವರಿ ಅಳೆದು ಹಾಕಬೇಕು. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರನ್ನು ಡಬ್ಬಿಯ ಮೇಲೆ ಹಾಕಿಕೊಂಡು ಬಹುಕಾಲ ಮಾರಾಟವಾದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹಾಗೆ ಹೆಸರಿಸುವುದನ್ನು ನಿಷೇಧಿಸಿದೆ. ಆದ್ದರಿಂದ ಔಷಧದಂಗಡಿಯಲ್ಲಿ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನೇ ಕೇಳಿ ಪಡೆಯಿರಿ, ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿಯನ್ನು ಒಮ್ಮೆಲೇ ಬೆರೆಸಿರಿ, ಕದಡಿಟ್ಟದ್ದು 24 ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ ಹೊಸದಾಗಿ ಮಾಡಿಕೊಳ್ಳಿ.