‘ಕೊನೆಗೆ ಗೆದ್ದದ್ದು ಯಾರು?’ ಅಂತ ಕೇಳುವವರಿಗೆ

ನಾನು ಗ್ರೀಕ್ ತತ್ವಶಾಸ್ತ್ರ ಪಾಠ ಮಾಡುತ್ತೇನೆ. ಪ್ಲೇಟೋ ಬರೆದ ‘ಕ್ರಾಟಿಲಸ್’ ಹೆಸರುಗಳ ಬಗ್ಗೆ ನಡೆಯುವ ವಾದ ಅಂತ ಹೇಳಿದ ತಕ್ಷಣ ಎಲ್ಲರೂ ಕೇಳುವುದು ಒಂದನ್ನೇ. “ಹೆಸರಲ್ಲೇನಿದೆ? ಹೋಗಲಿ, ಕೊನೆಗೆ ಗೆದ್ದದ್ದು ಯಾರು?” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಇದನ್ನು ಓದಿಕೊಳ್ಳಿ.

ಹೋದ ವರ್ಷ ಒಂದು ನಾಮಕರಣದ ಊಟದಲ್ಲಿ ದೊಡ್ಡಪ್ಪ ಪಕ್ಕದ ಎಲೆಗೆ ಕೂತಿದ್ದರು. “ಅದೇನು ಸುಮ್ನೆ ಹೆಸರಿಗೆ ಜಗಳ ಆಡ್ತಿದ್ರೋ ನಿನ್ನ ಗ್ರೀಕರು? ಒಂದೇ ಮಾತಲ್ಲಿ ಹೇಳು, ಯಾರು ಗೆದ್ರು?” ಅಂದರು. ನನಗೆ ಸಿಟ್ಟು ಬಂತು. ಮೊಮ್ಮಗಳಿಗೆ ಹೆಸರು ಹುಡುಕಲು ಮೂರು ತಿಂಗಳು ಮನೆಯವರ ನಿದ್ದೆ ಕೆಡಿಸಿದವರು ಇವರೇ! “ದೊಡ್ಡಪ್ಪ, ಆ ಮೂರು ತಿಂಗಳು ನೀವು ಮಾಡಿದ್ದೂ ಅದೇ ಜಗಳ” ಅಂದೆ. ಅಷ್ಟರಲ್ಲಿ ಪಾಯಸ ಬಂತು. ಮಾತು ಅಲ್ಲಿಗೇ ನಿಂತಿತು.

ಪುಸ್ತಕದಲ್ಲಿ ಈ ಜಗಳ ಬರುವುದು ಸಾಕ್ರಟೀಸ್ ಮುಂದೆ. ಒಂದೇ ಮಾತಲ್ಲಿ ಹೇಳಲು ಅವನಿಗೂ ಆಗಲಿಲ್ಲ. ಪ್ರೊಡಿಕಸ್ ಎಂಬ ಪಂಡಿತನ 50 ಡ್ರಾಕ್ಮಾ ಪಾಠ ಕೇಳಿದ್ದರೆ ಈಗಲೇ ಉತ್ತರ ಹೇಳುತ್ತಿದ್ದೆ, ನಾನು ಕೇಳಿದ್ದು ಒಂದು ಡ್ರಾಕ್ಮಾದ್ದು ಮಾತ್ರ ಅನ್ನುತ್ತಾನೆ.

ಜಗಳ ಇಷ್ಟು. ಪ್ರತಿಯೊಂದಕ್ಕೂ ಅದರ ಸ್ವಭಾವಕ್ಕೆ ತಕ್ಕ ಸರಿಯಾದ ಹೆಸರು ಇದ್ದೇ ಇದೆ ಅನ್ನುತ್ತಾನೆ ಕ್ರಾಟಿಲಸ್. ಜನ ಒಪ್ಪಿ ಬಳಸಿದ್ದೇ ಹೆಸರು ಅನ್ನುತ್ತಾನೆ ಹರ್ಮೊಜೆನೀಸ್. ಗುಲಾಮನ ಹೆಸರು ಬದಲಿಸಿದರೆ ಹೊಸದೂ ಹಳೆಯದರಷ್ಟೇ ಸರಿ ಅಲ್ವಾ, ಅಂತ ಅವನ ವಾದ. ಅದಕ್ಕೆ ಕ್ರಾಟಿಲಸ್, “ಊರೆಲ್ಲ ಕರೆದರೂ ನಿನ್ನ ಹೆಸರು ಹರ್ಮೊಜೆನೀಸ್ ಅಲ್ಲ” ಅಂದುಬಿಡುತ್ತಾನೆ. ಆ ಹೆಸರಿಗೆ ಹರ್ಮೀಸ್ ದೇವರಿಗೆ ಹುಟ್ಟಿದವನು ಅಂತ ಅರ್ಥ. ಹರ್ಮೀಸ್ ಲಾಭದ ದೇವರು. ಇವನಿಗೋ ಕೈಯಲ್ಲಿ ಕಾಸು ನಿಲ್ಲುವುದಿಲ್ಲ.

ಯಾರು ಗೆದ್ದರು ಅಂತ ಕೇಳುವ ಬದಲು, ಯಾವ ವಾದ ಎಲ್ಲಿ ಮುರಿಯಿತು ಅಂತ ಒಬ್ಬರಾದರೂ ಕೇಳಬಾರದೇ? ರುಚಿ ಇರುವುದು ಅಲ್ಲಿ.

ಹರ್ಮೊಜೆನೀಸ್ ಮುಂದೆ ಸಾಕ್ರಟೀಸ್ ಇಡುವ ಒಂದು ವಾದ ನೋಡಿ. ಮಾತಿನಲ್ಲಿ ನಿಜ ಇದೆ, ಸುಳ್ಳು ಇದೆ. ಇಡೀ ಮಾತು ನಿಜವಾದರೆ ಅದರ ಭಾಗಗಳೂ ನಿಜ. ಮಾತಿನ ಅತಿ ಚಿಕ್ಕ ಭಾಗ ಹೆಸರು. ಹಾಗಾದರೆ ಹೆಸರಲ್ಲೂ ನಿಜ-ಸುಳ್ಳು ಇದೆ. ಅಂದರೆ ಜನ ಒಪ್ಪಿದ ಮಾತ್ರಕ್ಕೆ ಹೆಸರು ಸರಿಯಾಗಿಬಿಡುವುದಿಲ್ಲ. ಹರ್ಮೊಜೆನೀಸ್ ಒಪ್ಪಿಬಿಡುತ್ತಾನೆ! ಈ ಜಾಗಕ್ಕೆ ಬಂದಾಗಲೆಲ್ಲ ಅವನ ಭುಜ ಹಿಡಿದು ಅಲ್ಲಾಡಿಸಬೇಕು ಅನಿಸುತ್ತದೆ. “ಸಾಕ್ರಟೀಸ್ ಒಂದು ಕುದುರೆ” ಅನ್ನುವುದು ಸುಳ್ಳು. ಅದರಲ್ಲಿ ‘ಸಾಕ್ರಟೀಸ್’ ಸುಳ್ಳಾ? ‘ಕುದುರೆ’ ಸುಳ್ಳಾ? ಎರಡೂ ಅಲ್ಲ. ಅವೆರಡನ್ನು ಜೋಡಿಸಿದ್ದು ಸುಳ್ಳು. ಪ್ಲೇಟೋಗೂ ಇದು ಗೊತ್ತಿತ್ತು. ‘ಸೋಫಿಸ್ಟ್’ ಎಂಬ ಇನ್ನೊಂದು ಪುಸ್ತಕದಲ್ಲಿ ಅವನೇ “ಥಿಯಾಟಿಟಸ್ ಹಾರುತ್ತಾನೆ” ಎಂಬ ಸುಳ್ಳನ್ನು ಎತ್ತಿಕೊಂಡು, ನಾಮಪದ ಕ್ರಿಯಾಪದ ಹೆಣೆದರೇನೇ ಮಾತು ಆಗುವುದು ಅಂತ ತೋರಿಸುತ್ತಾನೆ.

ಕ್ರಾಟಿಲಸ್ ಸಿಕ್ಕಿಬೀಳುವುದು ಒಂದೇ ಒಂದು ಅಕ್ಷರದಲ್ಲಿ. ಅಕ್ಷರಗಳು ವಸ್ತುವಿನ ಸ್ವಭಾವವನ್ನೇ ಅನುಕರಿಸುತ್ತವೆ ಅಂತ ಅವನು ಒಪ್ಪಿರುತ್ತಾನೆ. ‘ರ’ ಹೇಳುವಾಗ ನಾಲಿಗೆ ಅದುರುತ್ತದೆ, ಹಾಗಾಗಿ ಅದು ಚಲನೆಗೆ, ಗಡಸಿಗೆ. ‘ಲ’ ಹೇಳುವಾಗ ಜಾರುತ್ತದೆ, ಹಾಗಾಗಿ ಅದು ನುಣುಪಿಗೆ, ಮೆದುವಿಗೆ. ನೀವೂ ಒಮ್ಮೆ ಬಾಯಲ್ಲಿ ಹೇಳಿ ನೋಡಿ, ನಂಬುವ ಹಾಗೇ ಇದೆ. ಆಗ ಸಾಕ್ರಟೀಸ್ ‘ಸ್ಕ್ಲೆರೊಟೆಸ್’ ಪದ ತೆಗೆಯುತ್ತಾನೆ. ಅದರ ಅರ್ಥ ಗಡಸುತನ. ಆದರೆ ಮಧ್ಯದಲ್ಲಿ ಮೆತ್ತನೆಯ ‘ಲ’ ಕೂತಿದೆ! ಅದು ತಪ್ಪಾಗಿ ಸೇರಿರಬೇಕು, ಅಲ್ಲಿ ‘ರ’ ಇರಬೇಕಿತ್ತು ಅಂತ ಕ್ರಾಟಿಲಸ್ ಜಾರಿಕೊಳ್ಳಲು ನೋಡುತ್ತಾನೆ. ಇರಲಿ, ಈಗ ಹೇಳುವ ಹಾಗೆ ಹೇಳಿದರೂ ನಿನಗೆ ಅರ್ಥವಾಗುತ್ತದಲ್ಲ, ಅಂತ ಸಾಕ್ರಟೀಸ್ ಕೇಳುತ್ತಾನೆ. ಆಗುತ್ತದೆ, ರೂಢಿಯಿಂದ, ಅನ್ನುತ್ತಾನೆ ಕ್ರಾಟಿಲಸ್.

ರೂಢಿ! ಹರ್ಮೊಜೆನೀಸ್ ಮೊದಲಿಂದ ಹೇಳುತ್ತಿದ್ದದ್ದೂ ಅದೇ ಅಲ್ವಾ? ಎದುರಾಳಿಯ ಬಾಯಿಂದಲೇ ಬಂತು. 2,300 ವರ್ಷಕ್ಕೂ ಹಳೆಯ ಈ ಪುಟ ಓದುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಹಾಗಂತ ಹರ್ಮೊಜೆನೀಸ್ ಗೆದ್ದ ಅನ್ನಬೇಡಿ. ಹೆಸರು ಆದಷ್ಟು ವಸ್ತುವನ್ನು ಹೋಲಬೇಕು ಅನ್ನುವುದೇ ಸಾಕ್ರಟೀಸ್‌ಗೆ ಇಷ್ಟ. ಆದರೆ ಅಲ್ಲಿ ರೂಢಿಗೂ ಜಾಗ ಕೊಡದೆ ವಿಧಿಯಿಲ್ಲ. ಕ್ರಾಟಿಲಸ್ ಪೂರ್ತಿ ಮಣಿಯುವುದೂ ಇಲ್ಲ. ಅವನು ಹಳ್ಳಿಗೆ ಹೊರಟು ನಿಂತಿರುತ್ತಾನೆ. ವಾಪಸು ಬಂದಾಗ ನನಗೆ ಕಲಿಸು, ಈಗ ಹರ್ಮೊಜೆನೀಸ್ ನಿನ್ನನ್ನು ಕಳಿಸಿ ಬರುತ್ತಾನೆ ಅಂತಾನೆ ಸಾಕ್ರಟೀಸ್. ಆಗಲಿ, ನೀನೂ ಇದನ್ನು ಯೋಚಿಸುತ್ತಿರು ಅಂತಾನೆ ಕ್ರಾಟಿಲಸ್. ಪುಸ್ತಕದ ಕೊನೆಯ ಮಾತು ಅದೇ.