ಅವ್ವನ ಬಳುವಳಿ

ಚಿಕ್ಕಮಗಳೂರಿನಲ್ಲಿ ಸಂಜೆಯಿಂದ ಮಳೆ, ಕರೆಂಟಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಮಗಳು ಜೀವಕೋಶದ ಚಿತ್ರ ಬರೆಯುತ್ತಿದ್ದಾಳೆ. ಕೋಶಭಿತ್ತಿ, ಕೋಶಕೇಂದ್ರ, ರಸದಾನಿ... ಹೆಸರುಗಳು ನನಗೂ ನೆನಪಿವೆ.

"ಅಪ್ಪಾ, ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆಯಂತೆ. ಅದು ಅಮ್ಮನಿಂದಲೇ ಬರುತ್ತದಂತೆ" ಎಂದಳು.

ಇದನ್ನು ನಮಗೆ ಯಾರೂ ಹೇಳಿರಲಿಲ್ಲ. 'ಜೀವಕೋಶದ ಶಕ್ತಿಕೇಂದ್ರ' ಎಂದು ಉರು ಹೊಡೆದು ಒಂದು ಅಂಕ ಗಿಟ್ಟಿಸಿದ್ದಷ್ಟೇ. ಅಂದರೆ ನಾನು ಈಗ ತಿಂದ ಅಕ್ಕಿರೊಟ್ಟಿಯನ್ನು ಮೈಯೊಳಗೆ ಶಕ್ತಿಯಾಗಿಸುತ್ತಿರುವುದು ಅವ್ವನ, ಅವಳ ಅವ್ವನ, ಮೂಡಿಗೆರೆಯ ತೋಟದಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದ ಮುತ್ತಜ್ಜಿಯ ಬಳುವಳಿ! ಈ ಮೊಂಡು ಮೂಗು ಅಪ್ಪನದು. ಅದು ಅಪ್ಪ-ಅವ್ವ ಇಬ್ಬರ ಡಿಎನ್‌ಎಯೂ ಇರುವ ಕೋಶಕೇಂದ್ರದ ಲೆಕ್ಕ.

ಮಗಳಿಗೆ ದಾಟಿರುವುದು ನನ್ನದಲ್ಲ, ಅವಳ ಅಮ್ಮನದು. ಅಡುಗೆಮನೆಯಿಂದ ನಗು ಕೇಳಿಸುತ್ತಿದೆ. ಕರೆಂಟ್ ಇನ್ನೂ ಬಂದಿಲ್ಲ.