ಒಂದೆರಡು ಆಕ್ಟಿವಿಟಿ ಹೇಳಿ ಮೇಡಂ

"ಮೇಡಂ, ಮಕ್ಕಳಿಗೆ ಬೋರ್ ಆಗಬಾರದು, ಪೀರಿಯಡ್ ಪೂರ್ತಿ ಚುರುಕಾಗಿರಬೇಕು. ಒಂದೆರಡು ಆಕ್ಟಿವಿಟಿ ಹೇಳಿ."

ಹೊಸದಾಗಿ ಸೇರಿದ ಟೀಚರ್‌ಗಳು ಕೇಳುತ್ತಾರೆ. ಹತ್ತು ವರ್ಷ ಪಾಠ ಮಾಡಿದವರೂ ಕೇಳುತ್ತಾರೆ. ಯಾವ ಪಾಠಕ್ಕೆ ಅಂದರೆ "ಯಾವುದಾದ್ರೂ ಸರಿ" ಅನ್ನುತ್ತಾರೆ. ಅಲ್ಲ, ಯಾವುದಾದರೂ ಸರಿ ಅಂದರೇನು? ಅಳತೆ ಕೊಡದೆ ಬಟ್ಟೆ ಹೊಲಿದುಕೊಡಿ ಅಂದ ಹಾಗಾಯಿತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ನನ್ನ ಹತ್ತಿರ ಆಕ್ಟಿವಿಟಿ ಇಲ್ಲ. ಮೊದಲು ಇದ್ದವು, ಒಂದು ಫೈಲ್ ತುಂಬಾ. ಆ ಫೈಲ್ ಮುಚ್ಚಿದ್ದು ಒಂದು ಬಲ್ಬಿನ ದೆಸೆಯಿಂದ.

ವಿದ್ಯುತ್ ಪಾಠ. ಪ್ರತಿ ಗುಂಪಿಗೂ ಒಂದು ಸೆಲ್, ಒಂದು ಸಣ್ಣ ಬಲ್ಬ್, ಎರಡು ತುಂಡು ವೈರ್ ಕೊಟ್ಟು "ಹೊತ್ತಿಸಿ ನೋಡೋಣ" ಅಂದೆ. ತರಗತಿ ತರಗತಿಯಾಗಿ ಉಳಿಯಲಿಲ್ಲ. ಒಂದೊಂದು ಬಲ್ಬ್ ಹೊತ್ತಿದಾಗಲೂ ಚಪ್ಪಾಳೆ, ಕೂಗು. ಪಕ್ಕದ ಕೋಣೆಯವರು ಬಂದು ಇಣುಕಿ ಹೋದರು. ಒಬ್ಬರೂ ಆಕಳಿಸಲಿಲ್ಲ. ನಾನಂತೂ ನೆಲದ ಮೇಲೆ ಇರಲಿಲ್ಲ.

ಗಂಟೆ ಹೊಡೆಯಲು ಐದು ನಿಮಿಷ ಇತ್ತು. ಸುಮ್ನೆ ಒಂದು ಪ್ರಶ್ನೆ ಹಾಕಿದೆ. ಬಲ್ಬಿನ ಒಳಗೆ ಹೋಗುವ ಕರೆಂಟ್ ಜಾಸ್ತಿಯೋ, ಬಲ್ಬ್ ದಾಟಿ ಹೊರಗೆ ಬರುವ ಕರೆಂಟ್ ಜಾಸ್ತಿಯೋ, ಎರಡೂ ಒಂದೇನೋ?

"ಒಳಗೆ ಹೋಗೋದೇ ಜಾಸ್ತಿ ಮಿಸ್. ಬಲ್ಬ್ ಸ್ವಲ್ಪ ತಿಂದುಬಿಡುತ್ತಲ್ಲ!"

ಹೆಚ್ಚುಕಡಿಮೆ ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ತಪ್ಪು. ಒಂದೇ ದಾರಿಯ ಸರ್ಕ್ಯೂಟಿನಲ್ಲಿ ಕರೆಂಟ್ ಎಲ್ಲ ಕಡೆ ಒಂದೇ. ಬಲ್ಬ್ ಬಳಸಿಕೊಳ್ಳುವುದು ಶಕ್ತಿಯನ್ನು, ಕರೆಂಟನ್ನಲ್ಲ. ಮುಕ್ಕಾಲು ಗಂಟೆ ಮಕ್ಕಳ ಕೈ ಓಡಿತ್ತು, ಬಾಯಿ ಓಡಿತ್ತು. ತಲೆಯೊಳಗಿದ್ದ ತಪ್ಪು ಮಾತ್ರ ಕೂತ ಜಾಗದಿಂದ ಅಲ್ಲಾಡಿರಲಿಲ್ಲ. ಅಲ್ಲಾಡಿಸುವಂಥದ್ದನ್ನು ನಾನು ಕೇಳಿರಲೇ ಇಲ್ಲ.

ಮಾರನೇ ದಿನ ಒಂದು ಸೆಲ್ಲಿಗೆ ಒಂದೇ ಥರದ ಎರಡು ಬಲ್ಬ್ ಸಾಲಾಗಿ ಜೋಡಿಸಿದೆ, ಸ್ವಿಚ್ ಮಾತ್ರ ಹಾಕಲಿಲ್ಲ. ಯಾವುದು ಜಾಸ್ತಿ ಬೆಳಗುತ್ತೆ? ಮೊದಲು ಚೀಟಿಯಲ್ಲಿ ಬರೆಯಿರಿ, ಕಾರಣವನ್ನೂ ಬರೆಯಿರಿ. ಬರೆದ ಮೇಲೆ ಪಕ್ಕದವರನ್ನು ಒಪ್ಪಿಸಿ. ಸುಮಾರು ಜನ "ಮೊದಲನೇ ಬಲ್ಬ್" ಎಂದು ಬರೆದಿದ್ದರು. ಮೊದಲನೆಯದು ಹೊಟ್ಟೆ ತುಂಬಾ ತಿಂದ ಮೇಲೆ ಎರಡನೆಯದಕ್ಕೆ ಮಿಕ್ಕಿದ್ದು, ಇದು ಅವರ ಲೆಕ್ಕ. ಸ್ವಿಚ್ ಹಾಕಿದೆ. ಎರಡೂ ಒಂದೇ ಸಮ ಬೆಳಗಿದವು.

ಚಪ್ಪಾಳೆ ಇಲ್ಲ, ಕೂಗಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದ. "ಮಿಸ್, ಮೊದಲನೇ ಬಲ್ಬ್ ಹಳೇದು ಅನ್ಸುತ್ತೆ." ತಾನೇ ಬಲ್ಬ್ ಅದಲು ಬದಲು ಮಾಡಿದ. ಹಾಗೇ ಬೆಳಗಿತು. ಸೆಲ್ ತಿರುಗಿಸಿ ಹಾಕಿದ. ಆಗಲೂ ಹಾಗೇ. ತಲೆ ಕೆರೆದುಕೊಂಡು ನನ್ನನ್ನೇ ಅನುಮಾನದಿಂದ ನೋಡಿದ. ಅವತ್ತು ಹೊರಗಿನಿಂದ ಇಣುಕಿದವರಿಗೆ ಆ ತರಗತಿ ಸಪ್ಪೆಯಾಗಿ ಕಂಡಿರಬೇಕು.

ನಾನು ಹೊಸದೇನೂ ಕಂಡುಹಿಡಿಯಲಿಲ್ಲ. ಮೊದಲು ಊಹಿಸಿ, ಆಮೇಲೆ ನೋಡಿ, ನಂತರ ಕಾರಣ ಹೇಳಿ ಅನ್ನುವ ಕ್ರಮ ವಿಜ್ಞಾನ ಕಲಿಸುವವರಲ್ಲಿ ಹಳೆಯದು. ಹಾರ್ವರ್ಡ್‌ನ ಭೌತಶಾಸ್ತ್ರದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದ ಆರಂಭದಿಂದಲೇ ದೊಡ್ಡ ತರಗತಿಗಳಲ್ಲಿ ಇದರ ಇನ್ನೊಂದು ರೂಪ ನಡೆಸಿದರು. ಒಂದು ಪ್ರಶ್ನೆ, ಒಬ್ಬೊಬ್ಬರದೂ ಒಂದು ಉತ್ತರ, ಪಕ್ಕದವರ ಜೊತೆ ವಾದ, ಮತ್ತೆ ಉತ್ತರ. ಸುಮಾರು 30ರಿಂದ 70 ಶೇಕಡಾ ಮಂದಿ ಮೊದಲ ಸಲ ಸರಿ ಹೇಳಿದರೆ ಮಾತ್ರ ವಾದ ಕಳೆಗಟ್ಟುತ್ತದೆ. ಎಲ್ಲರಿಗೂ ಗೊತ್ತಿದ್ದರೆ ಮಾತಾಡಲು ಏನಿದೆ? ಯಾರಿಗೂ ಗೊತ್ತಿಲ್ಲದಿದ್ದರೆ ಕುರುಡರು ಕುರುಡರಿಗೆ ದಾರಿ ತೋರಿಸಿದ ಹಾಗೆ.

ಇಲ್ಲಿಗೆ ಬರುವಷ್ಟರಲ್ಲಿ ಯಾರಾದರೂ "ಹೀಗೆ ಮಾಡಿದ್ರೆ ಸಿಲಬಸ್ ಮುಗಿಯಲ್ಲ ಮೇಡಂ" ಅಂದೇ ಅನ್ನುತ್ತಾರೆ. ಮುಗಿಯುವುದು ನಿಮ್ಮದು, ಮಕ್ಕಳದಲ್ಲ. 2014ರಲ್ಲಿ ಕಾಲೇಜಿನ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ಸರಾಸರಿ ಸುಮಾರು 34 ಶೇಕಡಾ ಫೇಲ್, ತಾವೇ ತಲೆ ಓಡಿಸಿದ ತರಗತಿಗಳಲ್ಲಿ ಸುಮಾರು 22. ನನಗೆ ಇದಕ್ಕಿಂತ ಇಷ್ಟವಾದದ್ದು 2019ರಲ್ಲಿ ಹಾರ್ವರ್ಡ್‌ನಿಂದಲೇ ಬಂದ ಇನ್ನೊಂದು ಅಧ್ಯಯನ. ತಲೆ ಓಡಿಸಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು. ಆದರೆ ತಾವು ಕಡಿಮೆ ಕಲಿತೆವು ಎಂದುಕೊಂಡಿದ್ದರು! ಸೊಗಸಾದ ಉಪನ್ಯಾಸ ಕೇಳಿದರೆ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ, ಅಲ್ವಾ? ಹಾಗಾಗಿ ಮಕ್ಕಳ ಮುಖದ ಮೇಲಿನ ಖುಷಿಯನ್ನು ನೋಡಿ ಪಾಠಕ್ಕೆ ಅಂಕ ಕೊಡಬೇಡಿ. ನಾನು ಕೊಟ್ಟುಕೊಂಡು ಕೆಟ್ಟವಳು.

ನಾನೇನು ದಿನವೂ ಹೀಗೆ ಮಾಡುತ್ತೇನೆ ಅಂದುಕೊಳ್ಳಬೇಡಿ. ಗಂಟಲು ಕಟ್ಟಿದ ದಿನ ಬೋರ್ಡಿನ ಮೇಲೆ ಬರೆದು "ಬರ್ಕೊಳ್ಳಿ" ಅಂದದ್ದೂ ಉಂಟು. ಪ್ರಶ್ನೆ ಕೇಳಿ ನಾನೇ ಉತ್ತರ ಹೇಳುವ ಚಟ ಈಗಲೂ ಪೂರ್ತಿ ಬಿಟ್ಟಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು. ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡ್ ಏನು ಮಹಾ ಅನ್ನಿಸುತ್ತದೆ. ನಲವತ್ತು ಜೋಡಿ ಕಣ್ಣು ನಿಮ್ಮನ್ನೇ ನೋಡುತ್ತಿರುವಾಗ ಬಾಯಿ ಮುಚ್ಚಿಕೊಂಡು ಎಣಿಸಿ ನೋಡಿ. ನಾನು ಬೆನ್ನ ಹಿಂದೆ ಬೆರಳು ಮಡಚಿ ಎಣಿಸುತ್ತೇನೆ.

ಯಾರಾದರೂ ಬಂದು ಬೇರೆ ಪ್ರಶ್ನೆ ಕೇಳಲಿ ಅಂತ ನನಗೆ ಬಹಳ ಆಸೆ. "ಮೇಡಂ, ಈ ಪಾಠದಲ್ಲಿ ಮಕ್ಕಳು ಏನೇನು ತಪ್ಪು ಹೇಳ್ತಾರೆ?" ಅಂತ. ಒಬ್ಬರೂ ಕೇಳಿಲ್ಲ. ಕೇಳಿದರೆ ಕಾಫಿ ಆರುವ ತನಕ ಮಾತಾಡುತ್ತೇನೆ. ನನ್ನ ಪಾಠ ಯೋಜನೆಯ ಪುಸ್ತಕದಲ್ಲಿ ಈಗ ಎರಡೇ ಕಾಲಂ. ಎಡಗಡೆ, ಬರಬಹುದಾದ ತಪ್ಪು ಉತ್ತರ. ಬಲಗಡೆ, ಆ ಉತ್ತರ ಕೊಟ್ಟವರನ್ನು ಇಕ್ಕಟ್ಟಿಗೆ ಸಿಕ್ಕಿಸುವ ಪ್ರಶ್ನೆ. ಎಡಗಡೆಯ ಕಾಲಂ ತುಂಬಲು ಹಳೆಯ ಉತ್ತರ ಪತ್ರಿಕೆಗಳಷ್ಟು ಒಳ್ಳೆಯ ಸಾಮಗ್ರಿ ಇನ್ನೊಂದಿಲ್ಲ. ಕೆಂಪು ಗೆರೆ ಎಳೆದು ರದ್ದಿಗೆ ಹಾಕುತ್ತೇವಲ್ಲ, ಅವೇ.

ನಾಳೆಯ ಪಾಠ ಋತುಗಳು. ಎಡಗಡೆ ಮೊದಲನೆಯದು: "ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತೆ." ಇದಕ್ಕೆ ಬಲಗಡೆ ಸುಲಭ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಆಗ ಉತ್ತರಾರ್ಧಗೋಳದಲ್ಲಿ ಚಳಿ ಯಾಕೆ? ಎರಡನೆಯದು ಕಿಲಾಡಿ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಅಂತ ಕಲಿತ ಜಾಣ ಮಕ್ಕಳೇ ಹೇಳುವಂಥದ್ದು: "ವಾಲಿದ ಅರ್ಧ ಸೂರ್ಯನಿಗೆ ಹತ್ತಿರ ಆಗುತ್ತೆ, ಅದಕ್ಕೇ ಸೆಕೆ." ಅರ್ಧ ಸರಿ, ಅರ್ಧ ತಪ್ಪು. ಸೂರ್ಯ 15 ಕೋಟಿ ಕಿಲೋಮೀಟರ್ ದೂರ ಇದ್ದಾನೆ, ವಾಲುವುದರಿಂದ ಆಗುವ ಹತ್ತಿರ ಯಾವ ಲೆಕ್ಕಕ್ಕೂ ಇಲ್ಲ ಎಂದು ನಾನೇ ಹೇಳಿಬಿಡಬಹುದು. ಆದರೆ ಅದು ಅವರಿಗೇ ಹೊಳೆಯುವ ಹಾಗೆ ಏನು ಕೇಳಬೇಕು?

ಬಲಗಡೆ ಇನ್ನೂ ಖಾಲಿ ಇದೆ, ರಾತ್ರಿ ಹತ್ತೂವರೆ ಆಯಿತು. ನಿಮಗೆ ಹೊಳೆದರೆ ಕಳಿಸಿ. ಪ್ರಶ್ನೆ ಕಳಿಸಿ, ಆಕ್ಟಿವಿಟಿ ಬೇಡ.